ಜಿಯೋಕ್ಯಾಶಿಂಗ್ ಆಡಿ ನೋಡಿದೆ: ಹಳೇ ಸರ್ವೆಯರ್ ಕೊಡುವ ಅಂಕ ಐದಕ್ಕೆ ನಾಲ್ಕು

ಯಾರೋ ಬಚ್ಚಿಟ್ಟ ಡಬ್ಬಿಯನ್ನು ಫೋನ್ ಹಿಡಿದು ಹುಡುಕುವ ಈ ಆಟದಲ್ಲಿ ಮೊದಲ ಡಬ್ಬಿ ಸಿಕ್ಕಿದ್ದು ಮೊಮ್ಮಗನಿಗೆ, ನನಗಲ್ಲ. ಅದನ್ನು ಶುರುವಿನಲ್ಲೇ ಒಪ್ಪಿಕೊಂಡುಬಿಡುತ್ತೇನೆ. 34 ವರ್ಷ ಸರ್ವೆ ಇಲಾಖೆಯಲ್ಲಿ ಜಮೀನು ಅಳೆಯುವ ಸರಪಳಿ ಎಳೆದವನು ನಾನು. ಫೋನಿನ ಬಾಣ ತೋರಿಸಿದ ಜಾಗದ ಸುತ್ತ ಹತ್ತು ನಿಮಿಷ ಗಿರಗಿರ ತಿರುಗಿದೆ. ಹತ್ತು ವರ್ಷದ ಆ ಪೋರ ಮಂಡಿಯೂರಿ ಕೂತು, ಎರಡು ಬಂಡೆಗಳ ಸಂದಿಗೆ ಕೈ ಹಾಕಿ, "ಅಜ್ಜ, ಸಿಕ್ತು!" ಅಂದ.

ಹೊರಗೆ ಬಂದದ್ದು ನಾಲ್ಕೂ ಬದಿಗೆ ಕ್ಲಿಪ್ ಇರುವ ಊಟದ ಡಬ್ಬಿ. ಮೇಲೆ ಹಸಿರು ಟೇಪು ಸುತ್ತಿತ್ತು. ಒಳಗೆ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಅಂಗೈಯಷ್ಟು ನೋಟ್‌ಬುಕ್, ಒಂದು ಬಾಲ ಮುರಿದ ಡೈನೋಸಾರ್, ಎರಡು ಗೋಲಿ, ಒಂದು ಕೀ ಚೈನು. ಇಷ್ಟೇ. ಇದಕ್ಕಾಗಿ ಗಾಳಿಯಲ್ಲಿ ಒಂದೂವರೆ ಗಂಟೆ ಗುಡ್ಡ ಹತ್ತಿದ್ದೆವು. ಆದರೂ ನಗು ತಡೆಯಲಾಗಲಿಲ್ಲ, ಇಬ್ಬರಿಗೂ.

ನಾನು ಸಾಗರದವನು. ಮಗಳು ಇಂಗ್ಲೆಂಡಿನ ಎಕ್ಸೆಟರ್‌ನಲ್ಲಿದ್ದಾಳೆ. ಅವಳ ಮನೆಯಲ್ಲಿ ಐದು ತಿಂಗಳಿದ್ದೆ. ಮೊದಲ ಎರಡು ವಾರ ಟೀವಿ, ಕಿಟಕಿ, ಮತ್ತೆ ಟೀವಿ. ನನ್ನ ಮುಖ ನೋಡಲಾರದೆ ಅವಳೇ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. "ಅಪ್ಪಾ, ಇದು ನಿಮ್ಮ ಕೆಲಸದ ಹಾಗೇ ಇದೆ, ಆಡಿ ನೋಡಿ" ಅಂದಳು. ಆಡಿದೆ. ಒಟ್ಟು 61 ಡಬ್ಬಿ ಸಿಕ್ಕವು, 19 ಸಿಗಲಿಲ್ಲ. ಈ ವಿಮರ್ಶೆ ಆ ಲೆಕ್ಕದ ಮೇಲೆ ಬರೆದದ್ದು.

ಆಟ ಸರಳ. ಯಾರೋ ಒಂದು ಡಬ್ಬಿ ಬಚ್ಚಿಡುತ್ತಾರೆ, ಅದರ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್ಟಿಗೆ ಹಾಕುತ್ತಾರೆ. ನೀವು ಹೋಗಿ ಹುಡುಕಬೇಕು. ಸಿಕ್ಕರೆ ಒಳಗಿನ ಪುಸ್ತಕದಲ್ಲಿ ಹೆಸರು, ತಾರೀಕು ಬರೆದು ಡಬ್ಬಿಯನ್ನು ಇದ್ದ ಜಾಗಕ್ಕೇ ವಾಪಸ್ ಇಡಬೇಕು. ಒಳಗಿನ ಸಾಮಾನು ಬೇಕಿದ್ದರೆ ತೆಗೆದುಕೊಳ್ಳಬಹುದು. ಆದರೆ ಅಷ್ಟೇ ಬೆಲೆಯದ್ದೋ ಜಾಸ್ತಿ ಬೆಲೆಯದ್ದೋ ಏನಾದರೂ ಬಿಟ್ಟು ಬರಬೇಕು. ಪ್ರತಿ ಡಬ್ಬಿಗೂ ಎರಡು ಅಂಕ ಇರುತ್ತದೆ, 1ರಿಂದ 5ರವರೆಗೆ. ಒಂದು ಹುಡುಕುವ ಕಷ್ಟಕ್ಕೆ, ಇನ್ನೊಂದು ದಾರಿಯ ಕಷ್ಟಕ್ಕೆ. ನನ್ನ ಮಂಡಿಗೆ ದಾರಿ ಎರಡೂವರೆ ದಾಟಬಾರದು ಅಂತ ಮಗಳ ಕಟ್ಟಪ್ಪಣೆ. ಈ ಆಟ ಗೊತ್ತಿಲ್ಲದೆ ಅಕ್ಕಪಕ್ಕ ಓಡಾಡುವ ಜನಕ್ಕೆ ಇವರು ಇಟ್ಟಿರುವ ಹೆಸರು 'ಮಗಲ್'. ಹ್ಯಾರಿ ಪಾಟರ್ ಕಥೆಯಿಂದ ತಂದ ಪದವಂತೆ. ಮಗಲ್‌ಗಳು ನೋಡುತ್ತಿದ್ದರೆ ಶೂ ಲೇಸು ಕಟ್ಟುವ ನಾಟಕ ಮಾಡಬೇಕು. ನಾನು ಹಾಕಿಕೊಳ್ಳುವುದು ಚಪ್ಪಲಿ. ಹಾಗಾಗಿ ಸುಮ್ನೆ ಆಕಾಶ ನೋಡುತ್ತಿದ್ದೆ.

ಇದು ಹುಟ್ಟಿದ್ದು 2000ದ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್ ಸಿಗ್ನಲ್ಲಿಗೆ ಬೇಕಂತಲೇ ತಪ್ಪು ಬೆರೆಸುತ್ತಿತ್ತು. ಸುಮಾರು 100 ಮೀಟರ್ ಆಚೀಚೆ ತೋರಿಸುತ್ತಿತ್ತು. ಮೇ 2ಕ್ಕೆ ಅದನ್ನು ನಿಲ್ಲಿಸಿದರು. ಮಾರನೇ ದಿನವೇ ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರದ ಕಾಡಿನಲ್ಲಿ ಡೇವ್ ಅಲ್ಮರ್ ಎಂಬಾತ ಒಂದು ಕಪ್ಪು ಬಕೆಟ್ ಇಟ್ಟು, ಎಲ್ಲಿದೆ ಅಂತ ಅಂಕಿ ಸಮೇತ ಪ್ರಕಟಿಸಿದ. ಅದರೊಳಗೆ ಪುಸ್ತಕ, ವಿಡಿಯೊ, ಒಂದು ಚಾಟರ್ ಬಿಲ್ಲು, ಒಂದು ಬೀನ್ಸ್ ಡಬ್ಬಿ. ಮೂರು ದಿನದೊಳಗೆ ಇಬ್ಬರು ಹುಡುಕಿಬಿಟ್ಟರು. ಈಗ ಜಗತ್ತಿನಲ್ಲಿ ಇಂಥ ಡಬ್ಬಿಗಳು 30 ಲಕ್ಷಕ್ಕೂ ಜಾಸ್ತಿ. ಆದರೆ ತಿನ್ನುವ ಸಾಮಾನು ಇಡಬಾರದು ಅಂತ ಈಗ ನಿಯಮ ಇದೆ, ಪ್ರಾಣಿಗಳು ವಾಸನೆ ಹಿಡಿದು ಬರುತ್ತವೆ. ನಾನು ಒಂದು ಗೋಟಡಿಕೆ ಇಡಲು ಹೋಗಿ ಮೊಮ್ಮಗನಿಂದ ಬೈಸಿಕೊಂಡೆ.

ಮಗಳು ನನ್ನ ಕೆಲಸದ ಹಾಗೇ ಇದೆ ಅಂದಳಲ್ಲ, ಅದು ಹೇಗೆ ಅಂತ ಹೇಳಬೇಕು. ನಮ್ಮಲ್ಲಿ ಹೊಲದ ಮೂಲೆಗೆ ಬಾಂದು ಕಲ್ಲು ನೆಟ್ಟಿರುತ್ತಾರೆ. ಅದು ಎಲ್ಲಿದೆ ಎಂಬ ಅಳತೆ ಹಳೇ ಟಿಪ್ಪಣಿ ಪುಸ್ತಕದಲ್ಲಿರುತ್ತದೆ. ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಿಕೊಡಿ ಅಂತ, ಅರ್ಜಿ ಬಂದಾಗ ನಾವು ಟಿಪ್ಪಣಿ, ಸರಪಳಿ, ಲಂಬಕೋನ ಹಿಡಿಯುವ ಕ್ರಾಸ್ ಸ್ಟಾಫ್ ಹಿಡಿದು ಹೋಗಿ, ಗೊತ್ತಿರುವ ಎರಡು ಕಲ್ಲಿನಿಂದ ಅಳೆದು, ಕಳೆದುಹೋದ ಮೂರನೆಯದನ್ನು ಹುಡುಕಬೇಕು. ಒಮ್ಮೆ ಹೊಸನಗರದ ಕಡೆ ಅಣ್ಣ ತಮ್ಮಂದಿರ ಅಡಿಕೆ ತೋಟಕ್ಕೆ ಹೋಗಿದ್ದೆ. ಅಳತೆ ಬಂದು ನಿಂತಿದ್ದು ಬಚ್ಚಲುಮನೆ ಹಿಂದಿನ ಕೆಸುವಿನ ಗುಂಡಿಯಲ್ಲಿ. ಮೊಣಕಾಲುದ್ದ ಅಗೆದರೂ ಕಲ್ಲಿಲ್ಲ. ತಮ್ಮ ಅಣ್ಣನ ಮೇಲೆ ಕೂಗಾಡುತ್ತಿದ್ದ, ಅಣ್ಣ ನನ್ನ ಮೇಲೆ. ಬೆವರು ಒರೆಸಿಕೊಂಡು ಸುಸ್ತಾಗಿ ಕೂತೆ. ಎದುರಿಗೆ ಮನೆಯ ಅಜ್ಜಿ ಟಪಟಪ ಬಟ್ಟೆ ಒಗೆಯುತ್ತಿದ್ದರು. ಸೋಪಿನ ನೊರೆ ಜಾರಿದಾಗ ಒಗೆಯುವ ಕಲ್ಲಿನ ಒಂದು ಬದಿಯಲ್ಲಿ ಕೆತ್ತಿದ ಗುರುತು ಕಂಡಿತು! "ಅಜ್ಜಿ, ಇದು ಸರ್ಕಾರದ ಕಲ್ಲು" ಅಂದೆ. "ಇರ್ಲಿ ಮಾರಾಯ್ರೆ, ಇಪ್ಪತ್ತು ವರ್ಷದಿಂದ ಒಗೀತಿದೀನಿ, ಸರ್ಕಾರ ಏನೂ ಅಂದಿಲ್ಲ" ಅಂದರು.

ಜಿಯೋಕ್ಯಾಶಿಂಗ್‌ನಲ್ಲಿ ನನಗೆ ಮೊದಲು ಹಿಡಿಸಿದ್ದು ಅದರ ಒಂದು ನಿಯಮ. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಅಂತರ ಇರಬೇಕು. ಇದೇನು ವಿಚಿತ್ರ ಅಂಕಿ ಅಂತ ಲೆಕ್ಕ ಹಾಕಿದೆ. ಮೈಲಿಯ ಹತ್ತನೇ ಒಂದು ಭಾಗ, ಅಂದರೆ 528 ಅಡಿ. ನಮ್ಮ ಸರಪಳಿ 33 ಅಡಿಯದ್ದು, ಅದಕ್ಕೆ 16 ಆಣೆ, ಅಂದರೆ 16 ಭಾಗ. 528 ಅಡಿ ಅಂದರೆ ಸರಿಯಾಗಿ 16 ಸರಪಳಿ! ಅಳಿಯನಿಗೆ ಹೇಳಿದೆ. "ಹೌದಾ ಮಾವ" ಅಂದು ಕಾಫಿ ಕುಡಿದ. ಎಂಜಿನಿಯರುಗಳಿಗೆ ಇದರ ರುಚಿ ಗೊತ್ತಾಗುವುದಿಲ್ಲ.

ಇನ್ನೊಂದು ಉಪಯೋಗದ ಮಾತು. ಈ ಆಟದಲ್ಲಿ ಜಾಗವನ್ನು ಡಿಗ್ರಿ ಮತ್ತು ನಿಮಿಷದಲ್ಲಿ ಬರೆಯುತ್ತಾರೆ, ನಿಮಿಷಕ್ಕೆ ಮೂರು ದಶಮಾಂಶ. ಉತ್ತರ ದಕ್ಷಿಣದಲ್ಲಿ ಕೊನೆಯ ಅಂಕಿ ಒಂದು ಬದಲಾದರೆ 1.85 ಮೀಟರ್ ಸರಿದ ಹಾಗೆ. ಪೂರ್ವ ಪಶ್ಚಿಮದಲ್ಲಿ ಅದೇ ಒಂದು ಅಂಕಿ ಸಾಗರದಲ್ಲಿ 1.8 ಮೀಟರ್, ಎಕ್ಸೆಟರ್‌ನಲ್ಲಿ 1.2 ಮೀಟರ್ ಮಾತ್ರ. ಉತ್ತರಕ್ಕೆ ಹೋದಂತೆ ರೇಖಾಂಶಗಳು ಒತ್ತಿಕೊಳ್ಳುತ್ತವಲ್ಲ, ಅದಕ್ಕೆ. ಆದರೆ ಫೋನು ಅಷ್ಟು ಸೂಕ್ಷ್ಮವಾಗಿ ಹೇಳುವುದಿಲ್ಲ. ಐದು ಮೀಟರ್ ಒಳಗೆ ಬಂದಮೇಲೆ ಬಾಣ ಕುಡಿದವನ ಹಾಗೆ ಓಲಾಡುತ್ತದೆ. ಆಗ ಫೋನ್ ಜೇಬಿಗೆ ಹಾಕಿ, ಕಣ್ಣು ಬಿಟ್ಟು ನೋಡಬೇಕು. ಒಂದರ ಮೇಲೊಂದು ಓರಣವಾಗಿ ಇಟ್ಟ ಮೂರು ಕಲ್ಲು ಕಂಡರೆ ಅದು ಪ್ರಕೃತಿಯ ಕೆಲಸ ಅಲ್ಲ ಅಂತ ತಿಳಿಯಿರಿ. ಮೊಮ್ಮಗ ನನ್ನನ್ನು ಸೋಲಿಸಿದ್ದು ಹೀಗೆಯೇ.

ನಾವು ಜಾಸ್ತಿ ಓಡಾಡಿದ್ದು ಡಾರ್ಟ್‌ಮೂರ್ ಎಂಬ ಬಯಲಲ್ಲಿ. ಮರ ಕಡಿಮೆ, ಗಾಳಿ ಜಾಸ್ತಿ. ಗುಡ್ಡದ ತಲೆಯ ಮೇಲೆ ಗ್ರಾನೈಟ್ ಬಂಡೆಗಳ ರಾಶಿ, ಅದಕ್ಕೆ ಅಲ್ಲಿಯವರು 'ಟಾರ್' ಅನ್ನುತ್ತಾರೆ. ಹೇಟಾರ್ ಎಂಬಲ್ಲಿ 1820ರ ಕಾಲದ ರೈಲು ದಾರಿಯ ಗುರುತಿದೆ. ಕಂಬಿ ಕಬ್ಬಿಣದ್ದಲ್ಲ, ಗ್ರಾನೈಟಿನದ್ದೇ! ಕುದುರೆ ಎಳೆಯುವ ಗಾಡಿಯಲ್ಲಿ ಇಲ್ಲಿಂದ ಸಾಗಿದ ಕಲ್ಲು 1831ರಲ್ಲಿ ಸಂಚಾರಕ್ಕೆ ತೆರೆದ ಲಂಡನ್ ಸೇತುವೆಗೂ ಹೋಗಿತ್ತು. ಡಬ್ಬಿ ಹುಡುಕುವ ನೆಪ ಇಲ್ಲದಿದ್ದರೆ ನಾನು ಕಾರು ನಿಲ್ಲಿಸುವ ಜಾಗದಲ್ಲೇ ಚಹಾ ಕುಡಿದು ವಾಪಸ್ ಬರುತ್ತಿದ್ದೆ. ಹತ್ತಿರದ ರಿಪ್ಪನ್ ಟಾರ್ ಮೇಲೆ ಸರ್ವೆಯ ತ್ರಿಕೋನಮಾಪನ ಕಂಬ ಇದೆ. 1936ರಿಂದ ಆ ದೇಶದ ಉದ್ದಗಲಕ್ಕೂ ಕಟ್ಟಿದ ಕಾಂಕ್ರೀಟ್ ಕಂಬಗಳಲ್ಲಿ ಅದೂ ಒಂದು. ಅದರ ತಲೆಯ ಮೇಲೆ ಉಪಕರಣ ಕೂರಿಸುವ ಹಿತ್ತಾಳೆಯ ಬಿಲ್ಲೆ. ನಾನು ಅದನ್ನು ಕರವಸ್ತ್ರದಿಂದ ಒರೆಸಿದೆ. ಮೊಮ್ಮಗ ಫೋಟೊ ತೆಗೆದ.

ಈ ಡಾರ್ಟ್‌ಮೂರ್‌ನಲ್ಲಿ ಜಿಯೋಕ್ಯಾಶಿಂಗ್‌ಗಿಂತ ಸುಮಾರು ನೂರೈವತ್ತು ವರ್ಷ ಹಳೆಯ ಡಬ್ಬಿ ಆಟವಿದೆ. ಹೆಸರು ಲೆಟರ್‌ಬಾಕ್ಸಿಂಗ್. 1854ರಲ್ಲಿ ಚಾಗ್‌ಫರ್ಡ್ ಊರಿನ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ ಕ್ರಾನ್‌ಮಿಯರ್ ಪೂಲ್ ಎಂಬಲ್ಲಿ ಒಂದು ಬಾಟಲಿ ಇಟ್ಟ. ಅಲ್ಲಿವರೆಗೆ ನಡೆದು ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಹಾಕಿ ಹೋಗುತ್ತಿದ್ದರು. ಆಮೇಲೆ ಜನ ತಮ್ಮದೇ ವಿಳಾಸ ಬರೆದ ಕಾರ್ಡು ಬಿಡತೊಡಗಿದರು. ಮುಂದೆ ಬಂದವರು ಅದನ್ನು ತೆಗೆದುಕೊಂಡು ಹೋಗಿ ಅಂಚೆಗೆ ಹಾಕಬೇಕು. ಹೆಸರು ಬಂದಿದ್ದು ಹಾಗೆ. ಈಗ ಪ್ರತಿ ಡಬ್ಬಿಯಲ್ಲೂ ಒಂದು ರಬ್ಬರ್ ಸ್ಟಾಂಪು ಇರುತ್ತದೆ. ಅದರ ಮುದ್ರೆಯನ್ನು ನಿಮ್ಮ ಪುಸ್ತಕಕ್ಕೆ ಒತ್ತಿಕೊಳ್ಳಬೇಕು, ನಿಮ್ಮ ಸ್ಟಾಂಪನ್ನು ಅದರ ಪುಸ್ತಕಕ್ಕೆ ಒತ್ತಬೇಕು. ನೂರು ಸಿಕ್ಕವರಿಗೆ '100 ಕ್ಲಬ್' ಸೇರುವ ಅರ್ಹತೆ. ಅಮೆರಿಕದಲ್ಲಿ ಇದು ಹಬ್ಬಿದ್ದು 1998ರಲ್ಲಿ ಒಂದು ಪತ್ರಿಕೆಯ ಲೇಖನ ಓದಿದ ಮೇಲೆ.

ನಿಜ ಹೇಳಬೇಕೆಂದರೆ ನನಗೆ ಜಿಯೋಕ್ಯಾಶಿಂಗ್‌ಗಿಂತ ಇದೇ ಜಾಸ್ತಿ ಇಷ್ಟವಾಯಿತು. ಸುಳಿವು ಕೊಡುವುದು ದಿಕ್ಸೂಚಿಯ ಕೋನದಲ್ಲಿ. ಆ ಟಾರ್ ಇಷ್ಟು ಡಿಗ್ರಿಗೆ ಕಾಣಬೇಕು, ಈ ಒಂಟಿ ಮರ ಇಷ್ಟು ಡಿಗ್ರಿಗೆ, ಅಲ್ಲಿಂದ ಇಷ್ಟು ಹೆಜ್ಜೆ. ನಕ್ಷೆಯ ಮೇಲೆ ಎರಡು ಗೆರೆ ಎಳೆದರೆ ಕೂಡುವ ಜಾಗದಲ್ಲಿ ಡಬ್ಬಿ. ಇದು ನನ್ನ ಕೆಲಸ! ಇಲ್ಲಿ ಮಾತ್ರ ಮೊಮ್ಮಗ ನನ್ನ ಹಿಂದೆ ಬಂದ.

ಕ್ರಾನ್‌ಮಿಯರ್‌ಗೆ ಹೋಗಲೇಬೇಕು ಅಂತ ಹಟ ಹಿಡಿದೆ. ಅದು ಇರುವುದು ಸೈನ್ಯದವರು ಗುಂಡು ಹಾರಿಸಿ ಅಭ್ಯಾಸ ಮಾಡುವ ಪ್ರದೇಶದಲ್ಲಿ. ಕೆಂಪು ಬಾವುಟ ಹಾರುತ್ತಿದ್ದರೆ ಒಳಗೆ ಕಾಲಿಡಬಾರದು. ಯಾವ ದಿನ ಗುಂಡು, ಯಾವ ದಿನ ಇಲ್ಲ ಅಂತ ಮೊದಲೇ ಪ್ರಕಟಿಸುತ್ತಾರೆ. ನಾವು ಅದನ್ನು ನೋಡದೆ ಹೋಗಿ ಮೊದಲ ಸಲ ಬಾವುಟಕ್ಕೆ ಕೈಮುಗಿದು ವಾಪಸ್ ಬಂದೆವು. ಎರಡನೇ ಸಲ ದಾರಿ ತೆರೆದಿತ್ತು, ಆದರೆ ನೆಲ ಕೈಕೊಟ್ಟಿತು. ಹುಲ್ಲಿನ ಮೇಲೆ ಕಾಲಿಟ್ಟೆ ಅಂದುಕೊಂಡರೆ ಅದು ಹುಲ್ಲಿನ ಚರ್ಮ ಹೊದ್ದ ಕೆಸರು. ನಾಟಿ ಗದ್ದೆಯಲ್ಲಿ ಇಳಿದ ಹಾಗೆ ಮೊಣಕಾಲವರೆಗೂ ಹೋದೆ. ಗದ್ದೆಯ ಕೆಸರಾದರೆ ಬೆಚ್ಚಗಿರುತ್ತದೆ, ಇದು ಐಸು. ಅಳಿಯ ಒಂದು ಕೈ, ಮಗಳು ಒಂದು ಕೈ ಹಿಡಿದು ಎಳೆದರು. ಕಾಲು ಬಂತು, ಬೂಟು ಬರಲಿಲ್ಲ. ಅಳಿಯ ಹೊಟ್ಟೆ ಮೇಲೆ ಮಲಗಿ ಅದನ್ನೂ ಕಿತ್ತು ಕೊಟ್ಟ. (ಚಪ್ಪಲಿ ಬೇಡ ಅಂತ ಅವನೇ ಆ ದಿನ ಬೂಟು ಕೊಡಿಸಿದ್ದ. ಪುಣ್ಯಾತ್ಮ.) ಕೊನೆಗೂ ತಲುಪಿದೆವು. ಪೂಲ್ ಅಂತ ಹೆಸರು, ನೀರೇ ಇಲ್ಲ. ಕಪ್ಪು ಮಣ್ಣಿನ ಒಂದು ತಗ್ಗು, ಅಲ್ಲೊಂದು ಕಲ್ಲಿನ ಗೂಡು, ಗೂಡಿನಲ್ಲಿ ಪುಸ್ತಕ ಮತ್ತು ಸ್ಟಾಂಪು. ನನ್ನ ಜೇಬು ಡೈರಿಯ ಹಾಳೆಗೆ ಮುದ್ರೆ ಒತ್ತಿಕೊಂಡೆ. ಪುಸ್ತಕದಲ್ಲಿ ಕನ್ನಡದಲ್ಲಿ ಸಹಿ ಹಾಕಿದೆ.

ವಾಪಸ್ ಬರುವಾಗ ಹುಡುಗ ಸುಸ್ತಾಗಿದ್ದ. ನಡೆಸಲು ಕಥೆ ಬೇಕಿತ್ತು. ಸುಗ್ರೀವನ ಕಥೆ ಹೇಳಿದೆ. ಕಿಷ್ಕಿಂಧೆ, ಅಂದರೆ ನಮ್ಮ ಆನೆಗೊಂದಿ ಅಂತ ಜನ ನಂಬುವ ಜಾಗ. ಅಲ್ಲಿಂದ ನಾಲ್ಕು ದಿಕ್ಕಿಗೆ ನಾಲ್ಕು ತಂಡ ಹೊರಡುತ್ತದೆ. ಯಾವ ದಿಕ್ಕಿನಲ್ಲಿ ಯಾವ ಬೆಟ್ಟ, ಯಾವ ನದಿ ಅಂತ ಸುಗ್ರೀವ ಬಾಯಲ್ಲೇ ನಕ್ಷೆ ಬಿಡಿಸುತ್ತಾನೆ. ಗಡುವು ಒಂದು ತಿಂಗಳು. ಅಂಗದ, ಹನುಮಂತ, ಜಾಂಬವಂತ ಇರುವ ದಕ್ಷಿಣದ ತಂಡ ಒಂದು ಗುಹೆಯೊಳಗೆ ಸಿಕ್ಕಿಕೊಂಡು ಗಡುವು ಮೀರುತ್ತದೆ. ಸಮುದ್ರದ ದಡದಲ್ಲಿ ಉಪವಾಸ ಕೂತು ಸಾಯೋಣ ಅಂತ ತೀರ್ಮಾನ ಮಾಡುತ್ತಾರೆ. ಆಗ ಮುದಿ ಹದ್ದು ಸಂಪಾತಿ ಅಲ್ಲಿಂದಲೇ ನೋಡಿ, ನೂರು ಯೋಜನ ಆಚೆ ಲಂಕೆ, ಸೀತೆ ಅಲ್ಲಿದ್ದಾಳೆ ಅನ್ನುತ್ತದೆ. "ಅದು ಹಿಂಟ್ ಬಟನ್" ಅಂದ ಹುಡುಗ. ಹನುಮಂತ ರಾಮನ ಉಂಗುರ ಕೊಟ್ಟು, ಸೀತೆಯ ಚೂಡಾಮಣಿ ತೆಗೆದುಕೊಂಡು ಬರುತ್ತಾನೆ ಅಂದೆ.

"ಹಾಗಾದ್ರೆ ಸರಿಯಾಗೇ ಟ್ರೇಡ್ ಮಾಡಿದಾನೆ ಅಲ್ವಾ ಅಜ್ಜ? ಒಂದು ಇಟ್ಟು ಒಂದು ತಗೊಂಡ."

"ಹೌದು ಪುಟ್ಟಾ."

"ಆದ್ರೆ ಊರು ಸುಟ್ಟಿದ್ದು ತಪ್ಪು. ಜಾಗ ಇದ್ದ ಹಾಗೇ ಬಿಡ್ಬೇಕು ಅಂತ ರೂಲ್ ಇದೆ."

ಇಷ್ಟು ವರ್ಷ ರಾಮಾಯಣ ಕೇಳಿದ್ದೇನೆ, ಈ ಆಕ್ಷೇಪಣೆಯನ್ನು ಯಾರೂ ಎತ್ತಿರಲಿಲ್ಲ.

ಇಂಗ್ಲಿಷಿನಲ್ಲೂ ಇಂಥ ಕಥೆಗಳು ಬೇಕಾದಷ್ಟಿವೆ. ಮಗಳ ಕಪಾಟಿನಲ್ಲಿ ಸಿಕ್ಕ ಎಡ್ಗರ್ ಅಲನ್ ಪೋ ಬರೆದ 'ದಿ ಗೋಲ್ಡ್ ಬಗ್' ಅಂಥದ್ದು. 1843ರ ಕಥೆ. ಗುಪ್ತ ಲಿಪಿ ಬಿಡಿಸಿದರೆ ಒಂದು ಮರ, ಮರದ ಕೊಂಬೆಗೆ ಒಂದು ತಲೆಬುರುಡೆ. ಬುರುಡೆಯ ಎಡಗಣ್ಣಿನಿಂದ ತೂಗುಗುಂಡು ಇಳಿಬಿಟ್ಟು, ಅದು ನೆಲ ಮುಟ್ಟಿದಲ್ಲಿ ಗೂಟ ಹೊಡೆದು, ಮರದ ಬುಡದಿಂದ ಆ ಗೂಟದ ಮೂಲಕ 50 ಅಡಿ ಗೆರೆ ಎಳೆಯಬೇಕು. ಆಳು ಎಡ ಬಲ ತಪ್ಪಿ ಬಲಗಣ್ಣಿನಿಂದ ಬಿಡುತ್ತಾನೆ. ಗೂಟದಲ್ಲಿ ಎರಡೂವರೆ ಇಂಚು ಆಚೀಚೆ ಆಗಿದ್ದು, ಗೆರೆಯ ತುದಿಯಲ್ಲಿ ಅಡಿಗಟ್ಟಲೆ ಆಗಿ, ಬರೀ ಮಣ್ಣು ಅಗೆಯುತ್ತಾರೆ. ಸರ್ವೆ ತರಬೇತಿಯಲ್ಲಿ ಇದನ್ನು ಪಾಠ ಇಡಬೇಕಿತ್ತು. ನಾನೇ ಎಷ್ಟು ಸಲ ಹೀಗೆ ಪಕ್ಕದವನ ಗದ್ದೆಯೊಳಗೆ ಹೋಗಿಲ್ಲ!

ಬಂಗಾರ ಬಂದಲ್ಲಿ ಆಟ ಕೆಡುತ್ತದೆ. 1979ರಲ್ಲಿ ಕಿಟ್ ವಿಲಿಯಮ್ಸ್ ಎಂಬ ಚಿತ್ರಕಾರ 'ಮಾಸ್ಕರೇಡ್' ಅನ್ನುವ ಚಿತ್ರಪುಸ್ತಕ ಮಾಡಿ, ಒಂದು ಚಿನ್ನದ ಮೊಲವನ್ನು ಬೆಡ್‌ಫರ್ಡ್‌ಶೈರಿನ ಆ್ಯಂಪ್ಟ್‌ಹಿಲ್ ಪಾರ್ಕಿನಲ್ಲಿ ಹೂತಿಟ್ಟ. ಜಾಗದ ಸುಳಿವು ಚಿತ್ರಗಳಲ್ಲಿತ್ತು. ಪ್ರತಿ ಪ್ರಾಣಿ, ಮನುಷ್ಯನ ಕಣ್ಣಿನಿಂದ ಬೆರಳ ತುದಿಗೆ ಗೆರೆ ಎಳೆದರೆ ಅದು ಅಂಚಿನ ಅಕ್ಷರ ತೋರಿಸುತ್ತದೆ. ಹಗಲು ಇರುಳು ಸಮ ಇರುವ ದಿನ ಮಧ್ಯಾಹ್ನ, ಅಲ್ಲಿನ ಶಿಲುಬೆ ಕಂಬದ ನೆರಳಿನ ತುದಿ ಬೀಳುವ ಜಾಗದಲ್ಲಿ ಮೊಲ. ಎಷ್ಟು ಚಂದದ ಯೋಚನೆ ಅಲ್ವಾ? ಇಬ್ಬರು ಭೌತಶಾಸ್ತ್ರದ ಮೇಷ್ಟರು ಒಗಟನ್ನು ಸರಿಯಾಗಿ ಬಿಡಿಸಿದ್ದರು. ಆದರೆ 1982ರಲ್ಲಿ ಮೊಲ ಸಿಕ್ಕಿದ್ದು ಒಳಗಿನ ಸುದ್ದಿ ಹಿಡಿದು ಬಂದ ಇನ್ನೊಬ್ಬನಿಗೆ. ಆ ಮೋಸ ಹೊರಬಿದ್ದಿದ್ದು 1988ರಲ್ಲಿ. ಅಮೆರಿಕದಲ್ಲಿ ಫಾರೆಸ್ಟ್ ಫೆನ್ ಎಂಬ ಶ್ರೀಮಂತ 24 ಸಾಲಿನ ಪದ್ಯ ಬರೆದು ರಾಕಿ ಬೆಟ್ಟಗಳಲ್ಲಿ ಒಂದು ಪೆಟ್ಟಿಗೆ ಚಿನ್ನ ಬಚ್ಚಿಟ್ಟದ್ದು ಇನ್ನೂ ಕೆಟ್ಟದಾಯಿತು. 2020ರಲ್ಲಿ ವಯೋಮಿಂಗ್‌ನಲ್ಲಿ ಅದು ಸಿಗುವ ಹೊತ್ತಿಗೆ ಹುಡುಕಲು ಹೋದ ಐದು ಜನ ಸತ್ತಿದ್ದರು.

ನಮ್ಮೂರ ಕಡೆ ಹೇಳುವುದೇ ಬೇಡ. ನಿಧಿಗಳ್ಳರು ಅಗೆದು ಬೀಳಿಸಿದ ವೀರಗಲ್ಲು, ಎಬ್ಬಿಸಿದ ನಂದಿ ಎಷ್ಟು ನೋಡಿದ್ದೇನೆ. ಅಮಾವಾಸ್ಯೆ ಮಾರನೇ ದಿನ ಪಾಳು ಗುಡಿಯಲ್ಲಿ ಗುಂಡಿ, ಪಕ್ಕದಲ್ಲಿ ಒಡೆದ ತೆಂಗಿನಕಾಯಿ, ನಿಂಬೆಹಣ್ಣು, ಕುಂಕುಮ. 1878ರಲ್ಲಿ ಬಂದ ನಿಧಿ ಕಾಯ್ದೆಯಲ್ಲಿ, ನೆಲದಲ್ಲಿ ಸಿಕ್ಕ ನಿಧಿ ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯದ್ದಾದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತಿತ್ತು. ಹತ್ತು ರೂಪಾಯಿ! ಬಾಲ ಮುರಿದ ಡೈನೋಸಾರ್‌ಗೂ ಅದಕ್ಕಿಂತ ಜಾಸ್ತಿ ಆಗುತ್ತದೆ ಈಗ.

ಕೊರತೆಗಳು. ದುಡ್ಡು ಕೊಟ್ಟು ಸದಸ್ಯರಾದವರಿಗೆ ಮಾತ್ರ ಕಾಣುವ ಡಬ್ಬಿಗಳಿವೆ, ನಾನು ಕೊಡಲಿಲ್ಲ, ಕೊಡದೆಯೂ ಐದು ತಿಂಗಳಿಗೆ ಸಾಕಾಯಿತು. ಕೆಲವರು ಇಟ್ಟು ಮರೆತುಬಿಡುತ್ತಾರೆ. ಒಂದು ಡಬ್ಬಿಯೊಳಗೆ ನೀರು ತುಂಬಿ ಪುಸ್ತಕ ಗಂಜಿಯಾಗಿತ್ತು. ಪೇಟೆಯೊಳಗಿನ ಡಬ್ಬಿಗಳು ಬೆರಳ ತುದಿಯಷ್ಟೇ ಇರುತ್ತವೆ, ಅಯಸ್ಕಾಂತದಿಂದ ಕಬ್ಬಿಣದ ಬೇಲಿಗೆ ಅಂಟಿರುತ್ತವೆ. ನನ್ನ ಕನ್ನಡಕಕ್ಕೆ ಅದು ಆಗದ ಕೆಲಸ. ಸಿಗದ 19ರಲ್ಲಿ 14 ಇಂಥವೇ. ಅದಕ್ಕೇ ಒಂದು ಅಂಕ ಕಡಿತ.

ಬೆಂಗಳೂರಿನಲ್ಲೂ ಕೆಲವು ಡಬ್ಬಿಗಳಿವೆ, ಬಯಸುವವರು ನೋಡಬಹುದು. ಆದರೆ ಹೊಸದಾಗಿ ಇಡುವವರು ಗುಡಿ, ಕೋಟೆ, ಶಾಸನದ ಹತ್ತಿರ ಖಂಡಿತ ಇಡಬೇಡಿ. ಟೇಪು ಸುತ್ತಿದ ಡಬ್ಬಿ ಕಂಡರೆ ಜನ ಮೊದಲು ಪೊಲೀಸರಿಗೆ ಫೋನ್ ಮಾಡುತ್ತಾರೆ. ಜಾಗದ ಮಾಲೀಕರನ್ನು ಕೇಳಿ, ಡಬ್ಬಿಯ ಮೇಲೆ ಏನೆಂದು ಬರೆದು ಇಡಿ.

ವಾಪಸ್ ಹೊರಡುವ ಹಿಂದಿನ ವಾರ ಹೇಟಾರ್‌ನ ಮೊದಲ ಡಬ್ಬಿಗೇ ಮತ್ತೆ ಹೋದೆವು. ಎಲ್ಲಿ ಅಂತ ಹೇಳುವುದಿಲ್ಲ, ಆಟ ಕೆಡುತ್ತದೆ. ಪರ್ಸಿನಲ್ಲಿ ಎಷ್ಟೋ ಕಾಲದಿಂದ ಉಳಿದಿದ್ದ 20 ಪೈಸೆಯ ಆರು ಮೂಲೆಯ ಅಲ್ಯೂಮಿನಿಯಂ ನಾಣ್ಯ ಇಟ್ಟು, ಒಂದು ಗೋಲಿ ತೆಗೆದುಕೊಂಡೆ. ಈಗ ಸಾಗರದಲ್ಲಿ ನನ್ನ ಮೇಜಿನ ಮೇಲಿದೆ. ಮೊನ್ನೆ ಮೊಮ್ಮಗ ಫೋನ್ ಮಾಡಿದ್ದ. ಯಾರೋ ಆ ಡಬ್ಬಿಯ ಪುಟದಲ್ಲಿ ಬರೆದಿದ್ದಾರಂತೆ: ಆರು ಮೂಲೆಯ ನಾಣ್ಯ ಒಳಗೇ ಇದೆ, ಡೈನೋಸಾರ್ ಹೋಗಿದೆ.

ಹೋಗುವವರು ಬಾಲ್‌ಪೆನ್ ಜೊತೆಗೆ ಒಂದು ಪೆನ್ಸಿಲ್ಲನ್ನೂ ಇಟ್ಟುಕೊಳ್ಳಿ. ಒದ್ದೆ ಕಾಗದದ ಮೇಲೆ ಪೆನ್ನು ಮೂಡುವುದಿಲ್ಲ.